ಆಷಾಢದಲ್ಲಿ ಕುದುರೆ ಬಿಡುವವರಿಗೂ ಅವನ್ನು ಹಿಡಿಯಬೇಕಾದವರಿಗೂ ಒಂದು ಬಹಿರಂಗ ಪತ್ರ

ಕಲಬುರಗಿ ಜಿಲ್ಲಾಡಳಿತಕ್ಕೆ, ಹಳ್ಳಿಹಳ್ಳಿಯ ಗ್ರಾಮ ಪಂಚಾಯಿತಿಗಳಿಗೆ, ಎಲ್ಲಕ್ಕಿಂತ ಮೊದಲು ನನ್ನ ಹಾಗೆ ಕುದುರೆ ಕಟ್ಟಿಕೊಂಡಿರುವ ಅಣ್ಣತಮ್ಮಂದಿರಿಗೆ ಶರಣು ಶರಣಾರ್ಥಿ, ಸಲಾಂ.

ಹೋದ ವರ್ಷ ಆಷಾಢದ ಒಂದು ರಾತ್ರಿ ನನ್ನ ಮೂರು ಕುದುರೆಗಳು ಹೊಲದ ಬೇಲಿ ದಾಟಿ ಆಳಂದ ರಸ್ತೆಗೆ ಬಂದವು. ಕೆಲಸ ಮುಗಿಸಿ ಬೈಕಿನಲ್ಲಿ ಊರಿಗೆ ಹೊರಟಿದ್ದ ಹುಡುಗನೊಬ್ಬ ಅವುಗಳನ್ನು ತಪ್ಪಿಸಲು ಹೋಗಿ ಬಿದ್ದು ಹೆಗಲ ಮೂಳೆ ಮುರಿದುಕೊಂಡ. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಮುಂದೆ ನಾನು ನಾಲ್ಕು ಜನರಿಗೆ ಬುದ್ಧಿ ಹೇಳುವ ಧಾಟಿಗೆ ಇಳಿಯುವವನಿದ್ದೇನೆ. ಆಗ ಯಾರಾದರೂ ಎದ್ದು ನಿಂತು, ಇವನ ಕುದುರೆ ಏನು ಮಾಡಿತ್ತು ಗೊತ್ತೇ ಎಂದು ಕೇಳುವ ಮೊದಲು ನಾನೇ ಹೇಳಿಕೊಂಡರೆ ಮರ್ಯಾದೆ.

ಆಸ್ಪತ್ರೆಯ ವರಾಂಡದಲ್ಲಿ ಆ ಹುಡುಗನ ತಾಯಿ ನನ್ನನ್ನು ಬೈಯಲಿಲ್ಲ. ಸೆರಗಿನ ತುದಿ ಬಾಯಿಗೆ ಹಿಡಿದು ಕುಳಿತವರು ಒಂದೇ ಮಾತು ಕೇಳಿದರು: "ನಿಮ್ಮ ಹೊಲಕ್ಕೆ ಬೇಲಿ ಇಲ್ಲವೇನಪ್ಪಾ?" ಇದೆ ಅಕ್ಕಾ ಎಂದೆ. ಇದ್ದದ್ದೂ ನಿಜ. ನಾಲ್ಕು ಸುತ್ತು ಮುಳ್ಳುತಂತಿ, ಹತ್ತು ಹೆಜ್ಜೆಗೊಂದು ಕಲ್ಲುಕಂಬ. ಬೇಲಿ ಇದ್ದೂ ಕುದುರೆ ಹೊರಗೆ ಹೇಗೆ ಬಂದಿತು ಎಂದು ಅವರು ಕೇಳಿದ್ದರೆ ಆ ಹೊತ್ತಿನಲ್ಲಿ ನನ್ನ ಬಳಿ ಉತ್ತರ ಇರಲಿಲ್ಲ. ಈಗ ಇದೆ. ಈ ಪತ್ರ ಅದೇ.

ಅಂದು ನಾನು ಬೀಗರ ಊರಿಗೆ ಹೋಗಿ ಸಂಜೆ ತಡವಾಗಿ ಬಂದವನು ಉಂಡು ಮಲಗಿಬಿಟ್ಟೆ. ನಮ್ಮ ಕಡೆ ಹೊಲಕ್ಕೆ ತ್ರೀಫೇಸ್ ಕರೆಂಟ್ ಸರದಿ ಪ್ರಕಾರ ಬರುತ್ತದೆ. ಆ ವಾರ ರಾತ್ರಿ ಸರದಿ. ಎದ್ದು ಮೋಟಾರ್ ಹಾಕಬೇಕಾಗಿತ್ತು, ಹಾಕಲಿಲ್ಲ. ತೊಟ್ಟಿಯ ತಳ ಕಂಡಿತ್ತು. ಒಂದು ಕುದುರೆಗೆ ದಿನಕ್ಕೆ ಏನಿಲ್ಲವೆಂದರೂ 25 ಲೀಟರ್ ನೀರು ಬೇಕು, ಸೆಕೆ ಇದ್ದರೆ 40 ದಾಟುತ್ತದೆ. ನೀರಿಲ್ಲದ ಎಮ್ಮೆ ಕೂಗಿ ಮನೆಯವರನ್ನು ಎಬ್ಬಿಸುತ್ತದೆ. ಕುದುರೆ ಕೂಗುತ್ತಾ ಕೂಡುವುದಿಲ್ಲ, ತಾನೇ ಹುಡುಕಿಕೊಂಡು ಹೊರಡುತ್ತದೆ. ನನ್ನ ಚಾಂದನಿ, ಅಂದರೆ ಬಿಳಿ ಹೆಣ್ಣು ಕುದುರೆ, ಸಡಿಲವಾಗಿದ್ದ ಕಂಬದ ಬಳಿ ತಂತಿಗೆ ಎದೆ ಒತ್ತಿದ್ದಾಳೆ. ಕಂಬ ವಾಲಿದೆ, ತಂತಿ ಜೋತು ಬಿದ್ದಿದೆ, ಅವಳು ದಾಟಿದ್ದಾಳೆ. ಹಿಂದೆ ರಾಜಾ. ಅವಳ ಮರಿ ಸೋನ್ಯಾನಿಗೆ ದಾಟಲು ಬರಲಿಲ್ಲ. ತಂತಿಯಲ್ಲಿ ಸಿಕ್ಕಿ, ಬಿಡಿಸಿಕೊಳ್ಳಲು ಜಗ್ಗಿ, ಎದೆಯ ಚರ್ಮ ಒಂದು ಗೇಣಿನಷ್ಟು ಹರಿದುಕೊಂಡು ತಾಯಿಯ ಹಿಂದೆ ಓಡಿತು. ಬೆಳಿಗ್ಗೆ ಆ ತಂತಿಯ ಮುಳ್ಳಿನಲ್ಲಿ ಕಂದು ಕೂದಲಿನ ಒಂದು ಎಳೆ ಇನ್ನೂ ಗಾಳಿಗೆ ಅಲ್ಲಾಡುತ್ತಿತ್ತು.

ರಾತ್ರಿ ಒಂದೂವರೆಗೆ ಪಕ್ಕದ ಹೊಲದವರು ಫೋನ್ ಮಾಡಿದರು. ನಾವು ನಾಲ್ವರು ಎರಡು ಬೈಕು, ಮೂರು ಬ್ಯಾಟರಿ ಹಿಡಿದು ಹೊರಟೆವು. ಯಾರೂ ಮಾಡಬಾರದ್ದನ್ನೆಲ್ಲ ಮಾಡಿದೆವು. ಹಿಂದಿನಿಂದ ಅಟ್ಟಿದೆವು, ಕೂಗಿದೆವು, ಹೆಡ್‌ಲೈಟ್ ಕಣ್ಣಿಗೆ ಬಿಟ್ಟೆವು. ಪ್ರತಿ ಸಲವೂ ಅವು ಇನ್ನೂರು ಹೆಜ್ಜೆ ಮುಂದಕ್ಕೆ, ಅದೂ ರಸ್ತೆಯ ಮೇಲೆ, ಹೋದವು. ಹುಡುಗ ಬಿದ್ದದ್ದು ಆ ಗದ್ದಲದಲ್ಲಿಯೇ. ಕುದುರೆ ತಪ್ಪಿಸಿಕೊಂಡದ್ದು ನನ್ನ ಒಂದು ತಪ್ಪು; ಅವನ್ನು ರಸ್ತೆಯಲ್ಲಿ ಓಡಿಸಿದ್ದು ಅದಕ್ಕಿಂತ ದೊಡ್ಡ ತಪ್ಪು. ಆ ಹುಡುಗನನ್ನು ಆಸ್ಪತ್ರೆಗೆ ಕಳಿಸಿದ ಮೇಲೆ ನಮ್ಮ ಓಣಿಯ ಚಾಚಾ ಬಂದರು. ಸ್ಟೇಷನ್‌ನಿಂದ ಸೂಪರ್ ಮಾರ್ಕೆಟ್‌ವರೆಗೆ ಮೂವತ್ತು ವರ್ಷ ಟಾಂಗಾ ಹೊಡೆದ ಮನುಷ್ಯ. ಕೈಯಲ್ಲಿ ಒಂದು ತಗಡಿನ ಬಕೆಟ್, ತಳದಲ್ಲಿ ಎರಡು ಹಿಡಿ ಕಡಲೆ.

"ತಮ್ಮಾ, ಮೊದಲು ಆ ಬೈಕು ಬಂದ್ ಮಾಡು. ದೀಪ ಆರಿಸು. ಎಲ್ಲರೂ ಇದ್ದಲ್ಲೇ ನಿಲ್ಲಿ."

ಕುದುರೆಗಳ ಕಡೆ ಅವರು ನೋಡಲೇ ಇಲ್ಲ. ಬೆನ್ನು ತಿರುಗಿಸಿ, ಬಕೆಟ್ಟನ್ನು ಸಣ್ಣಗೆ ಅಲ್ಲಾಡಿಸುತ್ತ, ರಸ್ತೆ ಬಿಟ್ಟು ಬದುವಿನ ಕಡೆ ನಡೆದರು. ಕಡಲೆ ತಗಡಿಗೆ ಬಡಿಯುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮೊದಲು ಚಾಂದನಿಯ ಒಂದು ಕಿವಿ ತಿರುಗಿತು. ಆಮೇಲೆ ಕತ್ತು ಇಳಿಯಿತು. ಆಮೇಲೆ ತುಟಿ ನೆಕ್ಕಿಕೊಂಡಳು. ಹತ್ತು ನಿಮಿಷದಲ್ಲಿ ಅವಳ ಮೂತಿ ಬಕೆಟ್ಟಿನಲ್ಲಿತ್ತು, ಚಾಚಾನ ಹೆಗಲ ಮೇಲಿನ ಟವೆಲ್ ಅವಳ ಕೊರಳಲ್ಲಿತ್ತು. ಉಳಿದ ಎರಡನ್ನು ಯಾರೂ ಹಿಡಿಯಲಿಲ್ಲ. ಅವಾಗಿಯೇ ಹಿಂದೆ ಬಂದವು. "ಹೆಣ್ಣನ್ನು ಹಿಡಿ, ಮನೆಯೆಲ್ಲಾ ಹಿಂದೆ ಬರುತ್ತದೆ," ಎಂದರು ಚಾಚಾ. ನನ್ನ ಮನೆಯವರಿಗೆ ಈ ಮಾತು ಬಹಳ ಹಿಡಿಸಿದೆ, ಬೇರೆ ಕಾರಣಕ್ಕೆ.

ಇನ್ನು ನಮ್ಮ ನಮ್ಮಲ್ಲಿಯೇ ಮಾತಾಡಿಕೊಳ್ಳೋಣ, ಕುದುರೆಯವರು.

ನಮ್ಮ ನಗರದ ರಸ್ತೆಗಳಲ್ಲಿ ಕಾಣುವ ಕುದುರೆಗಳಲ್ಲಿ ಎಷ್ಟು ತಪ್ಪಿಸಿಕೊಂಡು ಬಂದವು, ಎಷ್ಟು ಬಿಟ್ಟವು? ಉತ್ತರ ನಿಮಗೆ ಗೊತ್ತು, ನನಗೂ ಗೊತ್ತು. ವೈಶಾಖದಲ್ಲಿ ಒಂದೇ ದಿನ ಮೂರು ಮೆರವಣಿಗೆ. ಮದುಮಗನನ್ನು ಹೊತ್ತು ಹನುಮಂತ ದೇವರ ಗುಡಿಗೆ, ಅಲ್ಲಿಂದ ಮಂಟಪಕ್ಕೆ, ಬ್ಯಾಂಡಿನ ಸದ್ದಿನಲ್ಲಿ, ಪಟಾಕಿಯ ಹೊಗೆಯಲ್ಲಿ. ಆಷಾಢ ಬಂತೆಂದರೆ ಮದುವೆ ಬಂದ್. ಕುದುರೆಯ ಹೊಟ್ಟೆ ಮಾತ್ರ ಬಂದ್ ಆಗುವುದಿಲ್ಲ. ಮೇವಿನ ಖರ್ಚು ಉಳಿಯಲಿ ಎಂದು ಸಂಜೆಗೆ ಹಗ್ಗ ಬಿಚ್ಚಿ ಬೆನ್ನು ತಟ್ಟಿ ಕಳಿಸುತ್ತೇವೆ. ಬೆಳಿಗ್ಗೆ ಯಾರಾದರೂ ಫೋಟೋ ತೆಗೆದು ಜಗಳಕ್ಕೆ ಬಂದರೆ, ಹಗ್ಗ ಹರಿದುಕೊಂಡು ಹೋಗಿತ್ತು ಸಾಹೇಬರೇ ಎನ್ನುತ್ತೇವೆ. ಹರಿದ ಹಗ್ಗವನ್ನು ತೋರಿಸಿ ಎಂದರೆ ತೋರಿಸಲು ಇರುವುದಿಲ್ಲ.

ಬಿಟ್ಟ ಕುದುರೆ ಎಲ್ಲಿ ಮೇಯುತ್ತದೆ? ಕಸದ ಗುಡ್ಡೆಯಲ್ಲಿ. ಅದೇ ಹೊತ್ತಿಗೆ ಊರ ಹೊರಗೆ ತೊಗರಿ ನಾಲ್ಕೆಲೆ ಒಡೆದಿರುತ್ತದೆ, ಹೆಸರು ಹಸಿರಾಗಿರುತ್ತದೆ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತೆಂದು ನಾವೆಲ್ಲ ಹೆಮ್ಮೆಪಟ್ಟೆವು. ಆ ತೊಗರಿಯ ಸಾಲಿನಲ್ಲಿ ರಾತ್ರಿ ಆರು ಕುದುರೆ ನಡೆದುಹೋದರೆ ಬೆಳಿಗ್ಗೆ ಆ ರೈತ ಕಾಣುವುದು ಗೊರಸಿನ ಗುರುತು. ಮುಂಗಾರಿನ ಹಸಿ ಎರೆಮಣ್ಣಿನಲ್ಲಿ ಕುದುರೆಯ ಕಾಲು ಒಂದು ಗೇಣು ಇಳಿಯುತ್ತದೆ. ತಿಂದದ್ದಕ್ಕಿಂತ ತುಳಿದದ್ದೇ ಹೆಚ್ಚು.

ಕುದುರೆಗಾದರೂ ಸುಖವೇ? ಅದಕ್ಕೆ ವಾಂತಿ ಮಾಡಲು ಬರುವುದಿಲ್ಲ. ಆಕಳಿನಂತೆ ನಾಲ್ಕು ಕೋಣೆಯ ಹೊಟ್ಟೆಯೂ ಅದಕ್ಕಿಲ್ಲ. ದೇಹಕ್ಕೆ ಹೋಲಿಸಿದರೆ ಜಠರ ಬಹಳ ಚಿಕ್ಕದು. ಅದಕ್ಕೆಂದೇ ಅದು ದಿನದಲ್ಲಿ ಹದಿನಾರು ಗಂಟೆ ಸ್ವಲ್ಪ ಸ್ವಲ್ಪವಾಗಿ ಮೇಯುತ್ತಲೇ ಇರಬೇಕು. ಪ್ಲಾಸ್ಟಿಕ್ ಚೀಲ ಕರುಳಿಗೆ ಇಳಿದರೆ ಶೂಲೆ ಬಂದು ನೆಲಕ್ಕೆ ಬಿದ್ದು ಹೊರಳಾಡಿ ಸಾಯುತ್ತದೆ. ಮಾಘದಲ್ಲಿ ಕಣಕ್ಕೆ ನುಗ್ಗಿ ಜೋಳದ ರಾಶಿಗೆ ಬಾಯಿ ಹಾಕಿತೋ, ಹೊಟ್ಟೆ ಉಳಿದರೂ ಕಾಲು ಹೋಗುತ್ತದೆ: ಗೊರಸಿನೊಳಗೆ ಬಾವು ಬಂದು ಹೆಜ್ಜೆ ಎತ್ತಿಡಲಾಗದ ಸ್ಥಿತಿ. ಆಷಾಢದ ಮೂವತ್ತು ದಿನದ ಕಣಿಕೆ ಉಳಿಸಿದವನು ಶ್ರಾವಣದಲ್ಲಿ ಹೊಸ ಕುದುರೆಗೆ ಸಾಲ ಮಾಡುತ್ತಾನೆ. ಈ ಲೆಕ್ಕ ನಮ್ಮಲ್ಲಿ ಯಾರೂ ಬರೆದಿಡುವುದಿಲ್ಲ.

ಬರೆದಿಟ್ಟವನೊಬ್ಬನಿದ್ದ. 1470ರ ಆಸುಪಾಸಿನಲ್ಲಿ ಬಹಮನಿಗಳ ಬೀದರಿಗೆ ಬಂದ ರಷ್ಯಾದ ವ್ಯಾಪಾರಿ ಅಫಾನಾಸಿ ನಿಕಿತಿನ್. ಸಮುದ್ರ ದಾಟಿಸಿ ತಂದ ಒಂದೇ ಒಂದು ಕುದುರೆಯನ್ನು ಜುನ್ನರಿನ ಅಧಿಕಾರಿ ಕಿತ್ತುಕೊಂಡ. ಯಾರದೋ ಕೈಕಾಲು ಹಿಡಿದು ಅದನ್ನು ಬಿಡಿಸಿಕೊಂಡು ಬಂದು ಬೀದರಿನಲ್ಲಿ ಮಾರಿದ. ವರ್ಷವಿಡೀ ಅದನ್ನು ಸಾಕಿದ ಖರ್ಚನ್ನೂ ಬರೆದಿಟ್ಟ. ಇಲ್ಲಿನವರು ಕುದುರೆಗೆ ಕಾಳನ್ನೂ, ಸಕ್ಕರೆ ಎಣ್ಣೆ ಹಾಕಿ ಬೇಯಿಸಿದ ಖಿಚಡಿಯನ್ನೂ ತಿನ್ನಿಸುತ್ತಾರೆ ಎಂದು ಬೆರಗಾದ. ಅವನು ಕಂಡ ಶೇಖ್ ಅಲಾವುದ್ದೀನರ ಹೆಸರಿನ ಸಂತೆಗೆ ಇಪ್ಪತ್ತು ಸಾವಿರ ಕುದುರೆ ಮಾರಾಟಕ್ಕೆ ಬರುತ್ತಿದ್ದವಂತೆ. ಆ ಸಂತೆ ನಮ್ಮ ಆಳಂದದ್ದೇ ಎಂದು ಇತಿಹಾಸ ಬಲ್ಲವರು ಗುರುತಿಸುತ್ತಾರೆ. ನನ್ನ ಮೂರು ಕುದುರೆ ತಪ್ಪಿಸಿಕೊಂಡು ಹಿಡಿದದ್ದು ಅದೇ ಆಳಂದದ ದಾರಿ. ಅವಕ್ಕೆ ಹಳೆಯ ನೆನಪು ಬಂದಿರಬೇಕು ಎಂದು ಚಾಚಾ ನಗುತ್ತಾರೆ. ಈಗ ಇಡೀ ದೇಶ ಹುಡುಕಿದರೂ 2019ರ ಜಾನುವಾರು ಗಣತಿಯಲ್ಲಿ ಸಿಕ್ಕ ಕುದುರೆ, ತಟ್ಟುಗಳು ಸುಮಾರು 3.4 ಲಕ್ಷ ಮಾತ್ರ. ಅದಕ್ಕೆ ಏಳು ವರ್ಷ ಮೊದಲು ಆರು ಲಕ್ಷಕ್ಕೂ ಹೆಚ್ಚಿದ್ದವು. ಉಳಿದಿರುವುದೇ ಇಷ್ಟು. ಇಷ್ಟನ್ನೂ ನೆಟ್ಟಗೆ ಕಟ್ಟಿಕೊಳ್ಳಲು ನಮಗೆ ಬರುತ್ತಿಲ್ಲ.

ಬೇಲಿಯ ವಿಷಯಕ್ಕೆ ಬರುತ್ತೇನೆ, ಇದರಲ್ಲಿ ನಾನು ದುಡ್ಡು ಕೊಟ್ಟು ಕಲಿತಿದ್ದೇನೆ.

ನಮ್ಮ ಎರೆಭೂಮಿ ಬೇಲಿಗೆ ಶತ್ರು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಯುಗಾದಿಯಲ್ಲಿ ಅಲುಗದಂತೆ ನೆಟ್ಟ ಕಂಬ ಎರಡು ಮಳೆಗೆ ಹಲ್ಲು ಸಡಿಲಾದ ಹಾಗೆ ಅಲ್ಲಾಡುತ್ತದೆ. ಒಂದೂವರೆ ಅಡಿ ಗುಂಡಿ ತೋಡಿ ಅದೇ ಕರಿಮಣ್ಣನ್ನು ತುಂಬಿದ್ದು ನನ್ನ ತಪ್ಪು. ಈಗ ಮೂರು ಅಡಿ ಇಳಿಸಿದ್ದೇನೆ, ಸುತ್ತ ಕಲ್ಲುಚೂರು ಮತ್ತು ಗರಸು ಹಾಕಿ ದಮ್ಮಸು ಮಾಡಿಸಿದ್ದೇನೆ. ಕಂಬಕ್ಕೆ ನಮಗೇನು ಬರ, ಶಹಾಬಾದ್ ಕಲ್ಲಿನ ನಾಡು. ಮೂಲೆಯ ಕಂಬಗಳಿಗೆ ಮಾತ್ರ ಒರಗುಗಲ್ಲು ಕೊಡಲೇಬೇಕು. ತಂತಿಯ ಬಿಗಿಯೆಲ್ಲ ಅಲ್ಲಿಯೇ ಜಗ್ಗುತ್ತದೆ.

ಮುಳ್ಳುತಂತಿಯನ್ನು ಕುದುರೆಯ ಬೇಲಿಗೆ ಬಳಸಬೇಡಿ. ಕೈಮುಗಿದು ಹೇಳುತ್ತೇನೆ. ಕುದುರೆಯ ಕಣ್ಣು ತಲೆಯ ಎರಡು ಪಕ್ಕಕ್ಕಿವೆ, ಹೆಚ್ಚುಕಡಿಮೆ 350 ಡಿಗ್ರಿ ಸುತ್ತಲೂ ಕಾಣುತ್ತದೆ, ಆದರೆ ನೆಟ್ಟಗೆ ಹಣೆಯ ಮುಂದಿರುವುದೂ ಬಾಲದ ಹಿಂದಿರುವುದೂ ಕಾಣುವುದಿಲ್ಲ. ಓಡುವ ಕುದುರೆಗೆ ಸಣ್ಣ ತಂತಿ ಇದ್ದೂ ಇಲ್ಲದಂತೆ. ಸಿಕ್ಕಿಕೊಂಡ ಮೇಲೆ ಎಮ್ಮೆಯ ಹಾಗೆ ನಿಂತು ದಾರಿ ನೋಡುವ ಸ್ವಭಾವವೂ ಅದಕ್ಕಿಲ್ಲ. ಜೀವ ಹೋಗುವ ಹಾಗೆ ಜಗ್ಗುತ್ತದೆ. ಸೋನ್ಯಾನ ಎದೆಗೆ ಬಿದ್ದ ಹೊಲಿಗೆ ಮಾಯಲು ಒಂದು ತಿಂಗಳು ಹಿಡಿಯಿತು. ಮೊದಲ ದಿನವೇ ಧನುರ್ವಾತದ ಚುಚ್ಚುಮದ್ದು ಹಾಕಿಸಿದ್ದರಿಂದ ಉಳಿಯಿತು ಎಂದರು ಪಶುವೈದ್ಯರು. ತುಕ್ಕು ಹಿಡಿದ ತಂತಿಯ ಗಾಯಕ್ಕೆ ಅರಿಸಿನ ಮೆತ್ತಿ ಸುಮ್ಮನಾಗುವವರು ನಮ್ಮಲ್ಲಿ ಬಹಳ. ಧನುರ್ವಾತಕ್ಕೆ ಕುದುರೆಯಷ್ಟು ಬೇಗ ತುತ್ತಾಗುವ ಪ್ರಾಣಿ ಮತ್ತೊಂದಿಲ್ಲ ಎಂಬುದು ನೆನಪಿರಲಿ.

ಮುಳ್ಳಿಲ್ಲದ ತಂತಿ ಇರಲಿ, ನಾಲ್ಕು ಸಾಲು, ಮೇಲಿನದು ಐದು ಅಡಿಗೆ. ಆ ಮೇಲಿನ ಸಾಲಿಗೆ ಬಿದಿರಿನ ಗಳು ಕಟ್ಟಿ, ಇಲ್ಲವೆ ನನ್ನ ಹಾಗೆ ಹಳೆಯ ಬಿಳಿ ಪಂಚೆಯನ್ನು ನಾಲ್ಕು ಬೆರಳಗಲ ಹರಿದು ಸುತ್ತಿ. ನೋಡುವವರಿಗೆ ಹೊಲದಲ್ಲಿ ಯಾರೋ ಬಟ್ಟೆ ಒಣಹಾಕಿದಂತೆ ಕಾಣುತ್ತದೆ, ನಗುತ್ತಾರೆ. ನಗಲಿ. ಕುದುರೆಗೆ ಕಾಣುತ್ತದೆ, ಅಷ್ಟು ಸಾಕು.

ಹಂದಿ, ಚಿಗರಿಗಳ ಕಾಟಕ್ಕೆ ಬಹಳ ಜನ ಝಟಕಾ ಮಷೀನ್ ಹಾಕಿಸಿಕೊಂಡಿದ್ದಾರೆ. ಬ್ಯಾಟರಿಯಿಂದ, ಸೋಲಾರ್ ಪ್ಲೇಟಿನಿಂದ ನಡೆಯುವ ಈ ಯಂತ್ರ ಸೆಕೆಂಡಿಗೊಂದು ಸಲ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ವಿದ್ಯುತ್ ಬಿಡುತ್ತದೆ; ಚುರುಕ್ ಎನ್ನುತ್ತದೆ, ಕೊಲ್ಲುವುದಿಲ್ಲ. ಒಮ್ಮೆ ಮೂಗು ತಾಗಿಸಿದ ಕುದುರೆ ಎರಡನೆಯ ಸಲ ಹತ್ತಿರ ಹೋಗುವುದಿಲ್ಲ. ಆದರೆ ಹೊಸದಾಗಿ ತಂದ ಕುದುರೆಯನ್ನು ಹಗಲು ಹೊತ್ತಿನಲ್ಲಿ ಬೇಲಿಯ ಸುತ್ತ ಕೈಹಿಡಿದು ಅಡ್ಡಾಡಿಸಿ ಪರಿಚಯಿಸಿರಿ; ಕತ್ತಲಲ್ಲಿ ಮೊದಲ ಝಟಕಾ ತಿಂದ ಕುದುರೆ ಹಿಂದಕ್ಕೆ ಬರುವ ಬದಲು ಮುಂದಕ್ಕೆ ನುಗ್ಗಿದರೆ ಬೇಲಿಯೇ ಕಿತ್ತುಬರುತ್ತದೆ. ದುಡ್ಡು ಉಳಿಸಲು ಲೈನಿನ ಕರೆಂಟನ್ನೇ ತಂತಿಗೆ ಕೊಡುವವರಿದ್ದಾರಲ್ಲ, ಅವರ ಬಗ್ಗೆ ನಾನು ಬರೆಯಬೇಕಾದುದೇನೂ ಇಲ್ಲ. ಬೇಲಿಗೆ ತಾಗಿ ಸತ್ತ ರೈತರ ಸುದ್ದಿ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ.

ಗೇಟಿನ ಮಾತು ಬೇರೆ. ನಮ್ಮ ರಾಜಾನಿಗೆ ಚಿಲಕ ತೆಗೆಯಲು ಬರುತ್ತದೆ. ಮೇಲಿನ ತುಟಿಯಿಂದ ಎತ್ತುತ್ತಾನೆ, ಹಲ್ಲಿನಿಂದ ಜಗ್ಗುತ್ತಾನೆ, ಆಮೇಲೆ ತನಗೇನೂ ಗೊತ್ತಿಲ್ಲವೆಂಬಂತೆ ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾನೆ. ಅವನ ಸಲುವಾಗಿ ಗೇಟಿಗೆ ಎರಡನೆಯ ಕೊಂಡಿಯೊಂದನ್ನು ಹೊರಗಡೆ ಮೊಣಕಾಲಿನ ಮಟ್ಟಕ್ಕೆ ಹಾಕಿಸಿದೆ. ಅಲ್ಲಿಗೆ ಅವನ ಬಾಯಿ ಎಟುಕುವುದಿಲ್ಲ. ವೆಲ್ಡಿಂಗ್ ಅಂಗಡಿಯವನಿಗೆ ಮೇಲಿನ ತಿರುಗಣಿಯನ್ನು ತಲೆಕೆಳಗಾಗಿ ಕೂಡಿಸಲು ಹೇಳಿ, ಆಗ ಕುದುರೆ ಗೇಟಿನ ಕೆಳಗೆ ತಲೆ ಹಾಕಿ ಎತ್ತಿದರೂ ಅದು ಕಳಚುವುದಿಲ್ಲ. ಇನ್ನು ಗೇಟು ತೆರೆದಿಟ್ಟು ಹೋಗುವ ಮನುಷ್ಯರು: ಅವರಿಗೆ ನಾನು ಕಂಡುಕೊಂಡ ಉಪಾಯ ಒಂದೇ, ಗೇಟನ್ನು ತುಸು ಒಳಮುಖವಾಗಿ ವಾಲಿಸಿ ಕೂಡಿಸುವುದು. ಬಿಟ್ಟರೆ ತಾನೇ ಮುಚ್ಚಿಕೊಳ್ಳುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು. ಒಳಗೆ ನೀರು, ಮೇವು, ಜೊತೆ ಈ ಮೂರಿದ್ದರೆ ಕುದುರೆ ಬೇಲಿಯನ್ನು ಪರೀಕ್ಷಿಸಲು ಹೋಗುವುದೇ ಅಪರೂಪ. ಆಳಂದ ರಸ್ತೆಯಲ್ಲಿ ಚಳಿಗಾಲಕ್ಕೆ ಬರುವ ಕುರಿಗಾರರನ್ನು ನೋಡಿ. ಕುದುರೆಯ ಮೇಲೆ ಗುಡಾರ, ಪಾತ್ರೆ, ಎಳೆಮರಿ, ಕೋಳಿ ಎಲ್ಲವನ್ನೂ ಹೇರಿಕೊಂಡು ಬರುತ್ತಾರೆ, ಯಾರದೋ ಬಯಲು ಹೊಲದಲ್ಲಿ ಇಳಿಯುತ್ತಾರೆ. ಬೇಲಿ ಎಂಬುದೇ ಇಲ್ಲ. ಬೆಳಗಾದರೆ ಕುದುರೆ ಅಲ್ಲಿಯೇ ಇರುತ್ತದೆ, ಏಕೆಂದರೆ ಕುರಿ ಅಲ್ಲಿವೆ, ನಾಯಿ ಅಲ್ಲಿದೆ, ಒಡೆಯ ಅಲ್ಲಿಯೇ ಮಲಗಿದ್ದಾನೆ. ಕೆಲವರು ರಾತ್ರಿ ಮುಂಗಾಲೆರಡನ್ನು ಮೆತ್ತನೆಯ ಹಗ್ಗದಿಂದ ಸೇರಿಸಿ ಕಟ್ಟುತ್ತಾರೆ. ಹತ್ತಿರ ಕುಳಿತು ಕಾಯುವವನಿಗೆ ಅದು ಸರಿ. ಅದನ್ನೇ ನೋಡಿ ಕಲಿತು, ಕಾಲು ಕಟ್ಟಿದ ಕುದುರೆಯನ್ನು ಊರಲ್ಲಿ ಬಿಟ್ಟು ಮನೆಗೆ ಹೋಗಿ ಮಲಗುವುದು ಪಾಪ. ಕಟ್ಟಿದ ಕಾಲಲ್ಲಿ ಕುಪ್ಪಳಿಸುತ್ತ ರಸ್ತೆ ದಾಟುವ ಕುದುರೆಗೆ ಲಾರಿಯಿಂದ ತಪ್ಪಿಸಿಕೊಳ್ಳುವ ದಾರಿಯೂ ಇರುವುದಿಲ್ಲ. ಒಂಟಿ ಕುದುರೆ ಸಾಕುವವರು ಒಂದು ಮೇಕೆಯನ್ನಾದರೂ ಜೊತೆಗೆ ಕಟ್ಟಿ.

ರಾತ್ರಿ ವಾಹನ ಓಡಿಸುವವರಿಗೆ ಎರಡೇ ಮಾತು. ಕುದುರೆ ಕಂಡರೆ ಹಾರ್ನ್ ಹೊಡೆಯಬೇಡಿ, ಹೈಬೀಮ್ ಇಳಿಸಿ, ವೇಗ ತಗ್ಗಿಸಿ ನಿಲ್ಲಿಸಿ. ಒಂದು ದಾಟಿತೆಂದು ಹೊರಡಬೇಡಿ, ಹಿಂದೆ ಇನ್ನೊಂದಿರುತ್ತದೆ. ಕುದುರೆಯ ಕಾಲು ಉದ್ದ, ಮೈಭಾರವೆಲ್ಲ ಮೇಲೆ. ಕಾರು ಕಾಲಿಗೆ ಗುದ್ದಿದರೆ ಮೂರ್ನಾಲ್ಕು ಕ್ವಿಂಟಲ್ ತೂಕದ ಮೈ ನೇರವಾಗಿ ಗಾಜಿನ ಮೇಲೆ ಬರುತ್ತದೆ. 112ಕ್ಕೆ ಕರೆ ಮಾಡಿ ಜಾಗ ಹೇಳಿದರೆ ಸಾಕು. ಕುದುರೆಗೆ ಗಾಯವಾಗಿದ್ದರೆ 1962, ಅದು ಪಶು ಆಂಬುಲೆನ್ಸಿನ ಉಚಿತ ಸಂಖ್ಯೆ. ನಾವು ಕುದುರೆಯವರು ಮಾಡಬೇಕಾದದ್ದೂ ಒಂದಿದೆ: ಕೊರಳ ಪಟ್ಟಿಗೂ ಕಾಲಿಗೂ ರೇಡಿಯಂ ಪಟ್ಟಿ. ಟ್ರ್ಯಾಕ್ಟರ್ ಟ್ರಾಲಿಗೆ ಅಂಟಿಸುತ್ತೇವೆ, ಕುದುರೆಗೆ ಏಕೆ ಬೇಡ?

ಈಗ ಜಿಲ್ಲಾಡಳಿತದ ಹಿರಿಯರಲ್ಲಿ.

ಕಾನೂನು ಇಲ್ಲವೆಂದು ಯಾರೂ ಹೇಳಲಾರರು. ಬ್ರಿಟಿಷರ ಕಾಲದ 1871ರ ಜಾನುವಾರು ಅತಿಕ್ರಮಣ ಕಾಯ್ದೆಯೇ ಜಾನುವಾರು ಎಂಬ ಮಾತಿಗೆ ಕುದುರೆ, ತಟ್ಟು, ಹೇಸರಗತ್ತೆಗಳನ್ನು ಸೇರಿಸಿ ಹೇಳಿತ್ತು. ತನ್ನ ವಶದಲ್ಲಿರುವ ಪ್ರಾಣಿಯಿಂದ ಜನರ ಜೀವಕ್ಕೆ ಅಪಾಯವಾಗದಂತೆ ನೋಡಿಕೊಳ್ಳದವನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಲ್ಲಿ ಆರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಕಲಮು ಹಸಿವು ಬಾಯಾರಿಕೆಯಲ್ಲಿ ಪ್ರಾಣಿಯನ್ನು ತೊರೆದವನನ್ನೂ ತೀರ ಗಿಡ್ಡ ಹಗ್ಗದಲ್ಲಿ ಬಹಳ ಹೊತ್ತು ಕಟ್ಟಿಹಾಕಿದವನನ್ನೂ ಅಪರಾಧಿ ಎನ್ನುತ್ತದೆ. ಮೊದಲ ಸಲದ ದಂಡ ಹತ್ತರಿಂದ ಐವತ್ತು ರೂಪಾಯಿ. ಐವತ್ತು ರೂಪಾಯಿಗೆ ಇಂದು ಒಂದು ಕುದುರೆಯ ಒಂದು ಹೊತ್ತಿನ ಮೇವು ಬರುವುದಿಲ್ಲ. ಬಿಟ್ಟವನಿಗೆ ದಂಡ ಕಟ್ಟುವುದೇ ಲಾಭ.

ಹಾಗಾಗಿ ನಾನು ಕೇಳುವುದು ಹೊಸ ಕಾನೂನಲ್ಲ, ಕೊಂಡವಾಡ. ಹಳಬರಿಗೆ ಈ ಶಬ್ದ ಗೊತ್ತು: ಬೀದಿಗೆ ಬಂದ ದನ ಹಿಡಿದು ಕೂಡುವ, ಒಡೆಯ ಬಂದು ದಂಡ ಕಟ್ಟಿ ಬಿಡಿಸಿಕೊಂಡು ಹೋಗುವ ದೊಡ್ಡಿ. ನಾನು ಬಲ್ಲ ಒಂದು ಊರಿನಲ್ಲಿ ಅದರ ಕಟ್ಟಡ ಈಗಲೂ ಇದೆ. ಒಳಗೆ ಮುರಿದ ಕಸದ ಗಾಡಿ ನಿಂತಿದೆ, ಬಾಗಿಲಲ್ಲಿ ಬೇವಿನ ಗಿಡ ಬೆಳೆದಿದೆ. ಕುದುರೆ ಹಿಡಿಯಲು ಯಾರಿಗೂ ಮನಸ್ಸಿಲ್ಲದಿರುವುದಕ್ಕೆ ಕಾರಣ ಸರಳ, ಹಿಡಿದರೆ ಇಡಲು ಜಾಗವಿಲ್ಲ. ತಾಲ್ಲೂಕಿಗೊಂದಾದರೂ ಕೊಂಡವಾಡ ಇರಲಿ. ಗೋಡೆ ಎತ್ತರವಿರಲಿ, ನೆರಳು ನೀರು ಇರಲಿ. ಕುದುರೆಗಳನ್ನು ಎಮ್ಮೆ ಹೋರಿಗಳ ಜೊತೆ ಕೂಡಬೇಡಿ, ಬೀಜದ ಗಂಡು ಕುದುರೆಯನ್ನು ಉಳಿದವುಗಳಿಂದ ದೂರ ಕಟ್ಟಿ. ಮೂಗಿನಲ್ಲಿ ಕೀವು ಸುರಿಯುವುದನ್ನು ಕಂಡರೆ ಬೇರೆಯೇ ಇಡಬೇಕು. ಗ್ಲ್ಯಾಂಡರ್ಸ್ ಎಂಬ ರೋಗ ಕುದುರೆಯಿಂದ ಕುದುರೆಗೂ ಮನುಷ್ಯರಿಗೂ ಹರಡುತ್ತದೆ, ರಕ್ತ ಪರೀಕ್ಷೆಯಾಗದೆ ಹತ್ತು ಕಡೆಯ ಕುದುರೆಗಳನ್ನು ಒಂದೆಡೆ ತುಂಬುವುದು ಬೆಂಕಿಯ ಜೊತೆ ಆಟ. ಹಿಡಿಯುವ ಕೆಲಸವನ್ನು ಟೆಂಡರ್ ಕರೆದು ಕೊಡುವುದಾದರೆ, ಕೋಲು ಹಗ್ಗ ಹಿಡಿದ ಹತ್ತು ಹುಡುಗರಿಗಿಂತ ಬಕೆಟ್ ಹಿಡಿದ ಒಬ್ಬ ಚಾಚಾ ಮೇಲು ಎಂಬುದನ್ನು ಷರತ್ತಿನಲ್ಲಿ ಬರೆಯಿಸಿ. ನಮ್ಮ ಪಕ್ಕದ ಬೀದರಿನಲ್ಲಿಯೇ ಇಡೀ ರಾಜ್ಯದ ಪಶುವೈದ್ಯ ವಿಶ್ವವಿದ್ಯಾಲಯವಿದೆ. ಎರಡು ದಿನದ ತರಬೇತಿ ಕೊಡಿ ಎಂದು ಒಂದು ಪತ್ರ ಬರೆಯಲು ಎಷ್ಟು ಹೊತ್ತು?

ಹಿಡಿದ ಕುದುರೆ ಯಾರದು ಎಂಬುದು ಮುಂದಿನ ತಕರಾರು. ಆಕಳು ಎಮ್ಮೆಗಳ ಕಿವಿಯಲ್ಲಿ 12 ಅಂಕಿಯ ಹಳದಿ ಬಿಲ್ಲೆ ನೋಡಿದ್ದೇವೆ, ಕುದುರೆಗೆ ಅಂಥದ್ದು ಯಾರೂ ಹಾಕಿದ್ದನ್ನು ನಾನು ಕಂಡಿಲ್ಲ. ದಂಡ ಕಟ್ಟುವ ಹೊತ್ತಿಗೆ ಕುದುರೆಗೆ ತಂದೆತಾಯಿ ಇರುವುದಿಲ್ಲ. ಮದುವೆಯ ಮುಹೂರ್ತಕ್ಕೆ ಅದೇ ಕುದುರೆಗೆ ಮೂವರು ಒಡೆಯರು. ಚರ್ಮದ ಕೆಳಗೆ ಕೂಡಿಸುವ ಚಿಪ್ ಇದೆ, ಮಾಡಿಸುವುದಾದರೆ ಒಳ್ಳೆಯದು. ಅದಕ್ಕೂ ಮೊದಲು ಕಾಸಿಲ್ಲದ ಒಂದು ದಾರಿ ಇದೆ: ಸುಳಿ. ಕುದುರೆ ಕೊಳ್ಳುವಾಗ ಹಣೆಯ ಸುಳಿ, ಕತ್ತಿನ ಸುಳಿ, ಹೊಟ್ಟೆಯ ಸುಳಿ ನೋಡಿ ಇದು ಮನೆ ತುಂಬುವ ಕುದುರೆ, ಇದು ಮನೆ ಮುರಿಯುವ ಕುದುರೆ ಎಂದು ನಾವು ಗಂಟೆಗಟ್ಟಲೆ ವಾದ ಮಾಡುತ್ತೇವೆ. ಅದರ ಶುಭ ಅಶುಭ ನನಗೆ ಬೇಡ. ಹುಟ್ಟಿದಾಗಿನ ಸುಳಿ ಸಾಯುವವರೆಗೂ ಅಲ್ಲಿಯೇ ಇರುತ್ತದೆ. ಹೊರದೇಶಗಳಲ್ಲಿ ಕುದುರೆಯ ಪಾಸ್‌ಪೋರ್ಟಿನಲ್ಲಿ ಸುಳಿ ಎಲ್ಲೆಲ್ಲಿದೆ ಎಂದು ಚಿತ್ರ ಬರೆದು ಗುರುತು ಹಾಕುತ್ತಾರೆ. ಪಶು ಆಸ್ಪತ್ರೆಯಲ್ಲಿ ಒಂದು ದಪ್ಪ ರಿಜಿಸ್ಟರ್, ಎರಡು ಪಕ್ಕದ ಫೋಟೋ, ಬಣ್ಣ, ಸುಳಿಯ ಗುರುತು, ಒಡೆಯನ ಹೆಸರು. ನಮ್ಮ ಅಜ್ಜಂದಿರ ಸುಳಿ ವಿದ್ಯೆಗೆ ಕೊನೆಗಾದರೂ ಒಂದು ಉಪಯೋಗವಾಗಲಿ.

ಆಷಾಢದ ಮೇವಿನ ಕಷ್ಟ ಮಾತ್ರ ಸುಳ್ಳಲ್ಲ. ಮೆರವಣಿಗೆಯ ಕುದುರೆಯವರಲ್ಲಿ ಹೊಲ ಇರುವವರು ಕಡಿಮೆ. ಬಹಳ ಜನರಿಗೆ ಊರೊಳಗಿನ ಒಂದು ತಗಡಿನ ಶೆಡ್ಡೇ ಆಸ್ತಿ. ಅವರನ್ನು ಬರಿ ದಂಡದಿಂದ ಬಗ್ಗಿಸಲು ಹೋದರೆ ರಾತ್ರೋರಾತ್ರಿ ಕುದುರೆಯನ್ನು ಪಕ್ಕದ ತಾಲ್ಲೂಕಿಗೆ ಅಟ್ಟಿ ಬರುತ್ತಾರೆ, ತೊಗರಿ ಅಲ್ಲಿಯವರದು ಹೋಗುತ್ತದೆ. ಊರ ಹತ್ತಿರದ ಗಾಯರಾಣದಲ್ಲಿ, ಅಂದರೆ ದನ ಮೇಯಲು ಬಿಟ್ಟ ಊರಿನ ಜಾಗದಲ್ಲಿ, ಐದಾರು ಎಕರೆಗೆ ಬೇಲಿ ಹಾಕಿಸಿ, ಒಂದು ತೊಟ್ಟಿ ಕಟ್ಟಿಸಿ, ಆಷಾಢ ಒಂದು ತಿಂಗಳ ಮಟ್ಟಿಗೆ ಕುದುರೆಗೆ ಇಷ್ಟೆಂದು ಶುಲ್ಕ ಇಟ್ಟು ಒಳಗೆ ಬಿಡಿಸಿ. ಕಾಯುವವರನ್ನು ನಾವೇ ಸರದಿಯ ಮೇಲೆ ಕೊಡುತ್ತೇವೆ. ಶುಲ್ಕ ಕಟ್ಟುವುದಿಲ್ಲ ಎನ್ನುವವನ ಮನೆಗೆ ನಾನೇ ಬಂದು ಜಗಳ ತೆಗೆಯುತ್ತೇನೆ, ಅದಕ್ಕೆ ಅಧಿಕಾರಿಗಳ ಅಗತ್ಯವಿಲ್ಲ.

ಆ ಹುಡುಗನ ಹೆಗಲು ಕೂಡಿದೆ. ಕೈ ಪೂರ್ತಿ ಮೇಲೆತ್ತಲು ಇನ್ನೂ ಬರುವುದಿಲ್ಲ. ಈ ವರ್ಷ ವೈಶಾಖದಲ್ಲಿ ಅವನ ಮದುವೆಯಾಯಿತು. ಮೆರವಣಿಗೆಗೆ ಕುದುರೆ ಬೇಡ ಎಂದರು ಅವನ ತಾಯಿ. ನಾನು ಒತ್ತಾಯ ಮಾಡಲಿಲ್ಲ. ಹೊಸ ಬೇಲಿ ನೋಡಲು ಒಮ್ಮೆ ಬನ್ನಿ ಅಕ್ಕಾ ಎಂದಿದ್ದೇನೆ, ಇನ್ನೂ ಬಂದಿಲ್ಲ.

ರಾತ್ರಿ ಹನ್ನೊಂದು ಹೊಡೆಯಿತು. ಈ ವಾರವೂ ತ್ರೀಫೇಸ್ ರಾತ್ರಿ ಸರದಿಗೇ ಬಿದ್ದಿದೆ. ತೊಟ್ಟಿಗೆ ನೀರು ಬಿಡಬೇಕು, ಇಲ್ಲಿಗೆ ನಿಲ್ಲಿಸುತ್ತೇನೆ.

ಇಂತಿ,
ಆಳಂದ ರಸ್ತೆಯ ಮೂರು ಕುದುರೆಗಳ ಒಡೆಯ